ಜರ್ನಲ್‌ಗಿಂತ ಮುಂಚೆ ಪ್ರಿಪ್ರಿಂಟ್: ಸಂಶೋಧಕರಿಗೊಂದು ಸಮಗ್ರ ಮಾರ್ಗದರ್ಶಿ

1928ರ ಮಾರ್ಚ್ 16ರಂದು ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ‘ಒಂದು ಹೊಸ ವಿಕಿರಣ’ ಎಂಬ ವಿಷಯದ ಮೇಲೆ ಮಾತನಾಡಿದರು. ಕಲ್ಕತ್ತಾದ ಪ್ರಯೋಗಾಲಯದಲ್ಲಿ ಕೆ. ಎಸ್. ಕೃಷ್ಣನ್ ಅವರೊಂದಿಗೆ, ಮುಂದೆ ‘ರಾಮನ್ ಪರಿಣಾಮ’ ಎಂದು ಹೆಸರಾದ ಬೆಳಕಿನ ಆ ಪರಿಣಾಮವನ್ನು ಖಚಿತಪಡಿಸಿಕೊಂಡು ಆಗಿನ್ನೂ ಮೂರು ವಾರ ಕಳೆದಿರಲಿಲ್ಲ. ಭಾಷಣವು ಅದೇ ತಿಂಗಳ ಕೊನೆಗೆ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಅಚ್ಚಾಯಿತು. ಅದರ ಪ್ರತಿಗಳನ್ನು ರಾಮನ್ ದೇಶವಿದೇಶಗಳ ಭೌತವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಇದೇ ಪರಿಣಾಮವನ್ನು ಸ್ಫಟಿಕಗಳಲ್ಲಿ ಅದೇ ಸುಮಾರಿಗೆ ಕಂಡಿದ್ದರು, ಆದರೆ ಅವರ ಪ್ರಬಂಧ ಹೊರಬಂದದ್ದು ಕೆಲವು ತಿಂಗಳ ಬಳಿಕ. ನೊಬೆಲ್ ಬಹುಮಾನದ ಹಿಂದೆ ಹಲವು ಕಾರಣಗಳಿರುತ್ತವೆ. ಆದರೂ ತನ್ನ ಶೋಧವನ್ನು ತಡಮಾಡದೆ, ದಿನಾಂಕ ಸಮೇತ, ಸಂಬಂಧಪಟ್ಟವರ ಕೈಗೆ ತಲುಪಿಸಿದ್ದು ರಾಮನ್ ಅವರ ದೂರದೃಷ್ಟಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಇಂದು ಆ ಕೆಲಸಕ್ಕೆ ಅಂಚೆಯೂ ಬೇಡ, ಮುದ್ರಣಾಲಯವೂ ಬೇಡ, ಹಣವಂತೂ ಬೇಡವೇ ಬೇಡ. ಹೀಗಿದ್ದರೂ ನಮ್ಮ ರಾಜ್ಯದ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ಒಳ್ಳೆಯ ಪ್ರಬಂಧಗಳು ಒಂದು ಜರ್ನಲ್‌ನಿಂದ ಇನ್ನೊಂದಕ್ಕೆ ಅಲೆಯುತ್ತಾ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತವೆ. ಅವುಗಳ ಲೇಖಕರಿಗಾಗಿ, ಅದರಲ್ಲೂ ಮೊದಲ ಪ್ರಬಂಧ ಬರೆಯುತ್ತಿರುವ ಪಿಎಚ್‌.ಡಿ. ವಿದ್ಯಾರ್ಥಿಗಳಿಗಾಗಿ, ಈ ಬರಹ.

ಪ್ರಿಪ್ರಿಂಟ್ ಎಂದರೆ

ಜರ್ನಲ್‌ನ ಸಹತಜ್ಞರ ಪರಿಶೀಲನೆ ಮುಗಿಯುವ ಮೊದಲೇ ಲೇಖಕರು ಎಲ್ಲರೂ ಓದಲೆಂದು ಸಾರ್ವಜನಿಕ ಸರ್ವರ್‌ನಲ್ಲಿ ಇರಿಸುವ ಪೂರ್ಣ ಪ್ರಬಂಧವೇ ಪ್ರಿಪ್ರಿಂಟ್. ‘ಪೂರ್ಣ’ ಎಂಬ ಮಾತಿಗೆ ಒತ್ತು ಕೊಡಬೇಕು. ಅರೆಬರೆ ಕರಡಿಗೆ ಇಲ್ಲಿ ಜಾಗವಿಲ್ಲ. ಜರ್ನಲ್‌ಗೆ ಕಳುಹಿಸಲು ಸಿದ್ಧವಾದ ಹಸ್ತಪ್ರತಿಯೇ ಪ್ರಿಪ್ರಿಂಟ್ ಆಗಬೇಕು.

ಪಾಲ್ ಗಿನ್ಸ್‌ಪಾರ್ಗ್ 1991ರ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಶುರುಮಾಡಿದ ವ್ಯವಸ್ಥೆಯೇ ಇಂದಿನ ‘ಆರ್ಕೈವ್’ (arXiv) ಎಂಬ ಪ್ರಿಪ್ರಿಂಟ್ ಸರ್ವರ್. 2001ರಲ್ಲಿ ಅದು ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಭೌತವಿಜ್ಞಾನಿಗಳು ಮತ್ತು ಗಣಿತಜ್ಞರು ಬೆಳಿಗ್ಗೆ ಎದ್ದು ಮೊದಲು ನೋಡುವುದು ಇದನ್ನೇ. ಜೀವವಿಜ್ಞಾನಕ್ಕೆ ಬಯೋಆರ್ಕೈವ್ ಬಂದದ್ದು 2013ರಲ್ಲಿ, ರಸಾಯನವಿಜ್ಞಾನಕ್ಕೆ ಕೆಮ್‌ಆರ್ಕೈವ್ 2017ರಲ್ಲಿ, ವೈದ್ಯಕೀಯಕ್ಕೆ ಮೆಡ್‌ಆರ್ಕೈವ್ 2019ರಲ್ಲಿ.

ಲಾಭವೇನು?

ಮೊದಲನೆಯದು ದಿನಾಂಕ. ಪ್ರಿಪ್ರಿಂಟ್ ಪ್ರಕಟವಾದ ಕ್ಷಣದಲ್ಲಿ ಅದಕ್ಕೊಂದು ಶಾಶ್ವತ ಗುರುತುಸಂಖ್ಯೆ ಮತ್ತು ಅಳಿಸಲಾಗದ ದಿನಾಂಕ ಸಿಗುತ್ತವೆ. ‘ನಮ್ಮ ಐಡಿಯಾವನ್ನು ಯಾರಾದರೂ ಕದ್ದರೆ?’ ಎಂಬ ಭಯವೇ ಹಲವರನ್ನು ಪ್ರಿಪ್ರಿಂಟ್‌ನಿಂದ ದೂರ ಇಟ್ಟಿದೆ. ವಾಸ್ತವದಲ್ಲಿ ಆ ಭಯಕ್ಕೆ ಇರುವ ಉತ್ತರವೇ ಪ್ರಿಪ್ರಿಂಟ್. ಹಸ್ತಪ್ರತಿ ಜರ್ನಲ್‌ನ ಕಚೇರಿಯಲ್ಲಿ ಆರೆಂಟು ತಿಂಗಳು ಮುಚ್ಚಿದ ಕಡತದೊಳಗಿದ್ದಾಗ ನಿಮ್ಮ ಬಳಿ ತೋರಿಸಲು ಏನೂ ಇರುವುದಿಲ್ಲ. ಸರ್ವರ್‌ನಲ್ಲಿದ್ದರೆ ಮೊದಲು ಹೇಳಿದವರು ಯಾರೆಂದು ಇಡೀ ಜಗತ್ತಿಗೆ ಗೊತ್ತು.

ಎರಡನೆಯದು ಓದುಗರು. 2025ರ ಜನವರಿಯಿಂದ ಜಾರಿಯಲ್ಲಿರುವ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಿಂದ ಸರ್ಕಾರಿ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳಿಗೆ ಸುಮಾರು 13,000 ಜರ್ನಲ್‌ಗಳು ಓದಲು ಸಿಗುತ್ತಿವೆ. ಇದು ದೊಡ್ಡ ಹೆಜ್ಜೆ. ಆದರೆ ಖಾಸಗಿ ಕಾಲೇಜಿನ ಅಧ್ಯಾಪಕರು, ತಾಲ್ಲೂಕು ಆಸ್ಪತ್ರೆಯ ವೈದ್ಯರು, ಪತ್ರಕರ್ತರು, ರೈತ ಸಂಘಟನೆಗಳಿಗೆ ಕೆಲಸ ಮಾಡುವವರು, ಆಫ್ರಿಕಾದ ಒಬ್ಬ ಸಂಶೋಧಕ, ಇವರೆಲ್ಲ ಇನ್ನೂ ಹೊರಗೇ ಇದ್ದಾರೆ. ಪ್ರಿಪ್ರಿಂಟ್ ಓದಲು ಯಾರೂ ಯಾರಿಗೂ ಹಣ ಕೊಡಬೇಕಿಲ್ಲ. ಹಾಕಲೂ ಹಣ ಬೇಕಿಲ್ಲ.

ಮೂರನೆಯದನ್ನು ನಾನು ಎಲ್ಲಕ್ಕಿಂತ ದೊಡ್ಡ ಲಾಭವೆಂದು ನಂಬಿದ್ದೇನೆ: ಪ್ರಬಂಧ ಸುಧಾರಿಸುತ್ತದೆ. ಜರ್ನಲ್ ಪರಿಶೀಲನೆಯಲ್ಲಿ ಇಬ್ಬರು ಅಥವಾ ಮೂವರು ಓದುತ್ತಾರೆ. ಸಾರ್ವಜನಿಕವಾಗಿ ಇಟ್ಟರೆ ಆ ವಿಷಯದಲ್ಲಿ ನಿಜವಾದ ಆಸಕ್ತಿ ಇರುವವರು ಓದುತ್ತಾರೆ. ನಮ್ಮ ದೇಶದ ಅತ್ಯುತ್ತಮ ಉದಾಹರಣೆಯೊಂದು ಇಲ್ಲಿದೆ. 2002ರ ಆಗಸ್ಟ್‌ನಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ಆಗಷ್ಟೇ ಬಿ.ಟೆಕ್. ಮುಗಿಸಿದ್ದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಒಂದು ಪ್ರಬಂಧವನ್ನು ತಮ್ಮ ವಿಭಾಗದ ಜಾಲತಾಣದಲ್ಲಿ ಇಟ್ಟು ಕೆಲವು ತಜ್ಞರಿಗೆ ಕಳುಹಿಸಿದರು. ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂಬುದನ್ನು ಕಂಪ್ಯೂಟರ್ ನಿಶ್ಚಿತವಾಗಿ, ಬೇಗನೆ ಹೇಳಬಲ್ಲದು ಎಂಬುದಕ್ಕೆ ಅದರಲ್ಲಿ ಗಣಿತದ ಪುರಾವೆಯಿತ್ತು. ಕೆಲವೇ ದಿನಗಳಲ್ಲಿ ಜಗತ್ತಿನ ಸಂಖ್ಯಾಸಿದ್ಧಾಂತಿಗಳು ಅದನ್ನು ಓದಿ, ಸರಿಯೆಂದು ಒಪ್ಪಿ, ಸುದ್ದಿ ಪತ್ರಿಕೆಗಳವರೆಗೆ ಹೋಯಿತು. ಗಣಿತಜ್ಞ ಹೆಂಡ್ರಿಕ್ ಲೆನ್‌ಸ್ಟ್ರಾ ತೋರಿಸಿಕೊಟ್ಟ ಸರಳೀಕರಣಗಳು ಮುಂದಿನ ಆವೃತ್ತಿಯಲ್ಲಿ ಸೇರಿದವು. ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್‌ನಲ್ಲಿ ಅದು ಅಚ್ಚಾದದ್ದು 2004ರಲ್ಲಿ. ಆ ಎರಡು ವರ್ಷ ಪ್ರಬಂಧ ಕತ್ತಲಲ್ಲಿ ಇದ್ದಿದ್ದರೆ ಅಷ್ಟು ಕಾಲ ಆ ಜ್ಞಾನವೂ ನಿಂತಲ್ಲೇ ನಿಲ್ಲುತ್ತಿತ್ತು.

ವೇಗದ ಬೆಲೆ ಎಷ್ಟೆಂಬುದು 2020ರಲ್ಲಿ ಗೊತ್ತಾಯಿತು. ತೀವ್ರ ಕೋವಿಡ್ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಔಷಧ ಜೀವ ಉಳಿಸುತ್ತದೆ ಎಂದು ಬ್ರಿಟನ್ನಿನ ‘ರಿಕವರಿ’ ಎಂಬ ಔಷಧ ಪ್ರಯೋಗ ಜೂನ್ 16ರಂದು ಪ್ರಕಟಿಸಿತು. ಪೂರ್ಣ ಅಂಕಿಅಂಶಗಳು ಜೂನ್ 22ರಂದು ಮೆಡ್‌ಆರ್ಕೈವ್‌ನಲ್ಲಿ ಬಂದವು. ಜರ್ನಲ್‌ನಲ್ಲಿ ಪ್ರಬಂಧ ಬಂದದ್ದು ಜುಲೈ 17ರಂದು. ಆ ನಡುವಿನ ದಿನಗಳಲ್ಲಿ ಜಗತ್ತಿನ ವೈದ್ಯರ ಕೈಯಲ್ಲಿದ್ದದ್ದು ಪ್ರಿಪ್ರಿಂಟ್.

ಇನ್ನೊಂದು ಲಾಭವನ್ನು ನಮ್ಮ ಪರಿಸರಕ್ಕಾಗಿಯೇ ಹೇಳಬೇಕು. ‘ಒಂದು ವಾರದಲ್ಲಿ ಪ್ರಕಟಿಸುತ್ತೇವೆ, ಇಷ್ಟು ಸಾವಿರ ರೂಪಾಯಿ ಕಟ್ಟಿ’ ಎಂಬ ಇ-ಮೇಲ್ ಬಾರದ ಸಂಶೋಧನಾ ವಿದ್ಯಾರ್ಥಿ ಇಲ್ಲ. ಪರಿಶೀಲನೆಯನ್ನೇ ಮಾಡದ ಇಂಥ ನಕಲಿ ಜರ್ನಲ್‌ಗಳಿಗೆ ವಿದ್ಯಾರ್ಥಿವೇತನದ ಹಣ ಸುರಿದವರನ್ನು ಕಂಡು ನೊಂದಿದ್ದೇನೆ. ಕೆಲಸ ಬೇಗ ಹೊರಬರಬೇಕು ಎಂಬ ಅವಸರಕ್ಕೆ ಪ್ರಿಪ್ರಿಂಟ್ ಪ್ರಾಮಾಣಿಕ ಪರಿಹಾರ. ಒಂದೆರಡು ದಿನದಲ್ಲಿ ಕೆಲಸ ಜಗತ್ತಿನ ಮುಂದಿರುತ್ತದೆ, ಒಳ್ಳೆಯ ಜರ್ನಲ್‌ಗಾಗಿ ಸಮಾಧಾನದಿಂದ ಕಾಯಬಹುದು. ಆ ನಕಲಿ ಜರ್ನಲ್‌ನಲ್ಲಿ ಒಮ್ಮೆ ಬಂದ ಪ್ರಬಂಧವನ್ನಾದರೋ ಇನ್ನೆಲ್ಲೂ ಒಪ್ಪುವುದಿಲ್ಲ.

ಹಂತ 1: ಹಾಕಬೇಕೇ ಎಂಬುದನ್ನು ತೀರ್ಮಾನಿಸಿ

ಎಲ್ಲವನ್ನೂ ಪ್ರಿಪ್ರಿಂಟ್ ಮಾಡಬೇಕಿಲ್ಲ. ಈ ಕೆಳಗಿನ ಸಂದರ್ಭಗಳಲ್ಲಿ ನಿಂತು ಯೋಚಿಸಿ.

ಪೇಟೆಂಟ್. ನಿಮ್ಮ ಕೆಲಸದಲ್ಲಿ ಉಪಕರಣ, ರಾಸಾಯನಿಕ, ತಯಾರಿಕಾ ವಿಧಾನದಂಥ ಹೊಸ ಆವಿಷ್ಕಾರವಿದ್ದರೆ ಮೊದಲು ಪೇಟೆಂಟ್ ಅರ್ಜಿ, ಆಮೇಲೆ ಪ್ರಿಪ್ರಿಂಟ್. ಈ ಕ್ರಮ ತಪ್ಪಬಾರದು. ಪ್ರಿಪ್ರಿಂಟ್ ಸಾರ್ವಜನಿಕ ಪ್ರಕಟಣೆಯೇ ಆದ್ದರಿಂದ ಅದು ಹೊರಬಿದ್ದ ಮೇಲೆ ಆವಿಷ್ಕಾರ ‘ಹೊಸದು’ ಎನಿಸಿಕೊಳ್ಳುವುದಿಲ್ಲ. ಭಾರತದ ಕಾನೂನಿನಲ್ಲಿರುವ ವಿನಾಯಿತಿಗಳು ಬಹಳ ಸೀಮಿತ, ಅವನ್ನು ನೆಚ್ಚಿಕೊಳ್ಳಬೇಡಿ. ದಾರಿ ಸುಲಭವಾಗಿಯೇ ಇದೆ: ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿದರೆ ಆ ದಿನಾಂಕ ನಿಮ್ಮದಾಗುತ್ತದೆ, ಪೂರ್ಣ ವಿವರಣೆ ಸಲ್ಲಿಸಲು ಹನ್ನೆರಡು ತಿಂಗಳ ಕಾಲಾವಕಾಶ ಇರುತ್ತದೆ. ಅರ್ಜಿ ಹಾಕಿದ ಮರುದಿನವೇ ಪ್ರಿಪ್ರಿಂಟ್ ಹಾಕಬಹುದು. ಅರ್ಜಿಯಲ್ಲಿ ಇಲ್ಲದ ಹೊಸ ಅಂಶ ಪ್ರಿಪ್ರಿಂಟ್‌ನಲ್ಲಿ ಇರದಂತೆ ಮಾತ್ರ ನೋಡಿಕೊಳ್ಳಿ.

ಹೊಸ ಪ್ರಭೇದ. ಪಶ್ಚಿಮ ಘಟ್ಟದಲ್ಲಿ ಹೊಸ ಕಪ್ಪೆಯನ್ನೋ ಹಲ್ಲಿಯನ್ನೋ ಗುರುತಿಸಿದವರು ವಿಶೇಷ ಎಚ್ಚರ ವಹಿಸಬೇಕು. ಪ್ರಾಣಿಗಳ ಹೆಸರಿಡುವಿಕೆಗೆ ಅಂತರರಾಷ್ಟ್ರೀಯ ಸಂಹಿತೆ ಇದೆ, ವಿದ್ಯುನ್ಮಾನ ಪ್ರಕಟಣೆಗೆ ಝೂಬ್ಯಾಂಕ್ ಎಂಬ ಪ್ರಾಣಿನಾಮಗಳ ದಾಖಲೆಯಲ್ಲಿ ನೋಂದಣಿಯೂ ಸೇರಿದಂತೆ ಷರತ್ತುಗಳಿವೆ. ಪ್ರಿಪ್ರಿಂಟ್‌ನಲ್ಲಿ ಹೊಸ ಹೆಸರನ್ನು ಬರೆದರೆ ಆ ಹೆಸರಿನ ಸಿಂಧುತ್ವ ಗೊಂದಲಕ್ಕೆ ಸಿಗಬಹುದು. ಹೆಸರಿನ ಬದಲು ತಾತ್ಕಾಲಿಕ ಸಂಕೇತ ಬಳಸಿ, ಇಲ್ಲವೇ ಜರ್ನಲ್ ಪ್ರಕಟಣೆಯವರೆಗೂ ಕಾಯಿರಿ. ಕಳ್ಳಸಾಗಣೆಯ ಭಯವಿರುವ ಜೀವಿಯಾದರೆ ಸಿಕ್ಕ ಜಾಗದ ನಿಖರ ಅಕ್ಷಾಂಶ ರೇಖಾಂಶಗಳನ್ನು ಕೊಡಲೇಬೇಡಿ.

ರೋಗಿಗಳು. ಸಹತಜ್ಞರು ನೋಡದ ವೈದ್ಯಕೀಯ ಫಲಿತಾಂಶವನ್ನು ಓದಿ ಯಾರಾದರೂ ಔಷಧ ನುಂಗುವ ಸಾಧ್ಯತೆ ಇದ್ದರೆ, ಹಾಕುವ ಮೊದಲು ವಿಭಾಗದ ಹಿರಿಯರೊಂದಿಗೆ ಕುಳಿತು ಮಾತನಾಡಿ.

ಜರ್ನಲ್‌ನ ನಿಯಮ. ಬೇರೆಡೆ ಮೊದಲೇ ಬಂದದ್ದನ್ನು ತಾವು ಪ್ರಕಟಿಸುವುದಿಲ್ಲ ಎಂಬ ಧೋರಣೆ 1969ರಿಂದೀಚೆಗೆ, ಮುಖ್ಯವಾಗಿ ವೈದ್ಯಕೀಯ ಜರ್ನಲ್‌ಗಳಲ್ಲಿ ಗಟ್ಟಿಯಾಗಿತ್ತು. ಈಗ ಬಹುಪಾಲು ದೊಡ್ಡ ಜರ್ನಲ್‌ಗಳು ಪ್ರಿಪ್ರಿಂಟನ್ನು ಒಪ್ಪುತ್ತವೆ. ಆದರೂ ‘ಬಹುಪಾಲು’ ಎಂದರೆ ‘ಎಲ್ಲ’ ಅಲ್ಲ. ಕೆಲವು ಸಣ್ಣ ಜರ್ನಲ್‌ಗಳು ಮತ್ತು ಕೆಲವು ರಸಾಯನವಿಜ್ಞಾನ ಜರ್ನಲ್‌ಗಳು ಇನ್ನೂ ಹಿಂಜರಿಯುತ್ತವೆ. ನೀವು ಕಳುಹಿಸಬಹುದಾದ ಮೂರು ಜರ್ನಲ್‌ಗಳ ಪಟ್ಟಿ ಮಾಡಿ, ‘ಲೇಖಕರಿಗೆ ಸೂಚನೆಗಳು’ ಪುಟದಲ್ಲಿ ಪ್ರಿಪ್ರಿಂಟ್ ಎಂಬ ಪದ ಹುಡುಕಿ. ಷರ್ಪಾ ರೋಮಿಯೋ ಎಂದು ಬಹುಕಾಲ ಹೆಸರಾಗಿದ್ದ, ಈಗ ಓಪನ್ ಪಾಲಿಸಿ ಫೈಂಡರ್ ಎನ್ನಿಸಿಕೊಳ್ಳುವ ಜಾಲತಾಣದಲ್ಲಿಯೂ ಜರ್ನಲ್‌ವಾರು ನೀತಿ ಸಿಗುತ್ತದೆ. ಎಲ್ಲೂ ಸ್ಪಷ್ಟವಾಗದಿದ್ದರೆ ಸಂಪಾದಕರಿಗೆ ಎರಡು ಸಾಲಿನ ಇ-ಮೇಲ್ ಬರೆಯಿರಿ, ಉತ್ತರವನ್ನು ಉಳಿಸಿಕೊಳ್ಳಿ. ಕಂಪ್ಯೂಟರ್ ವಿಜ್ಞಾನದ ಸಮ್ಮೇಳನಗಳಲ್ಲಿ ಲೇಖಕರ ಹೆಸರನ್ನು ಮುಚ್ಚಿಟ್ಟು ಪರಿಶೀಲಿಸುವ ಪದ್ಧತಿ ಇರುವುದರಿಂದ, ಪ್ರಿಪ್ರಿಂಟ್ ಬಗ್ಗೆ ಆಯಾ ವರ್ಷದ ನಿಯಮವನ್ನು ಓದಿಯೇ ಮುಂದುವರಿಯಿರಿ.

ಹಂತ 2: ಎಲ್ಲ ಸಹಲೇಖಕರ ಒಪ್ಪಿಗೆ

ಗೈಡ್ ಸೇರಿದಂತೆ ಪ್ರತಿಯೊಬ್ಬ ಸಹಲೇಖಕರಿಂದ ಲಿಖಿತ ಒಪ್ಪಿಗೆ ಬೇಕು. ಬಾಯಿಮಾತು ಸಾಲದು. ಅಂತಿಮ ಪ್ರತಿ, ಲೇಖಕರ ಕ್ರಮ, ಸರ್ವರ್‌ನ ಹೆಸರು, ಪರವಾನಗಿ ಈ ನಾಲ್ಕನ್ನೂ ಒಂದೇ ಇ-ಮೇಲ್‌ನಲ್ಲಿ ಬರೆದು ‘ಒಪ್ಪಿಗೆ’ ಎಂಬ ಉತ್ತರ ತರಿಸಿಕೊಳ್ಳಿ. ಹೆಸರಿನ ಕ್ರಮದ ಜಗಳ ಇದ್ದರೆ ಈಗಲೇ ಬಗೆಹರಿಯಲಿ.

ಪ್ರಿಪ್ರಿಂಟ್ ಎಂದರೆ ಹೌಹಾರುವ ಹಿರಿಯ ಮಾರ್ಗದರ್ಶಕರು ಇರುತ್ತಾರೆ. ಅವರ ಆತಂಕ ಸಾಮಾನ್ಯವಾಗಿ ಎರಡೇ: ಜರ್ನಲ್ ತಿರಸ್ಕರಿಸುತ್ತದೆ, ಇಲ್ಲವೇ ಯಾರೋ ಕದಿಯುತ್ತಾರೆ. ಗುರಿ ಇಟ್ಟಿರುವ ಜರ್ನಲ್‌ನ ನೀತಿಯ ಪುಟವನ್ನು ಮುದ್ರಿಸಿಕೊಂಡು ಹೋಗಿ ಗೌರವದಿಂದ ತೋರಿಸಿ. ಆಮೇಲೂ ಬೇಡವೆಂದರೆ ಹಾಕಬೇಡಿ. ಒಬ್ಬ ಸಹಲೇಖಕರ ವಿರೋಧವಿದ್ದರೂ ಪ್ರಿಪ್ರಿಂಟ್ ಹಾಕುವುದು ತಪ್ಪು.

ಹಂತ 3: ಸರ್ವರ್ ಆಯ್ಕೆ

ನಿಮ್ಮ ಕ್ಷೇತ್ರದವರು ಎಲ್ಲಿ ಓದುತ್ತಾರೋ ಅಲ್ಲಿ ಹಾಕಿ. ಭೌತವಿಜ್ಞಾನ, ಗಣಿತ, ಕಂಪ್ಯೂಟರ್ ವಿಜ್ಞಾನ, ಸಂಖ್ಯಾಶಾಸ್ತ್ರ, ವಿದ್ಯುತ್ ಎಂಜಿನಿಯರಿಂಗ್, ಅರ್ಥಶಾಸ್ತ್ರಕ್ಕೆ ಆರ್ಕೈವ್. ಜೀವವಿಜ್ಞಾನ, ಪರಿಸರವಿಜ್ಞಾನಕ್ಕೆ ಬಯೋಆರ್ಕೈವ್. ವೈದ್ಯಕೀಯ, ಸಾರ್ವಜನಿಕ ಆರೋಗ್ಯಕ್ಕೆ ಮೆಡ್‌ಆರ್ಕೈವ್. ರಸಾಯನವಿಜ್ಞಾನಕ್ಕೆ ಕೆಮ್‌ಆರ್ಕೈವ್. ಸಮಾಜಶಾಸ್ತ್ರಕ್ಕೆ ಸೋಶಿಯೋಆರ್ಕೈವ್, ಮನೋವಿಜ್ಞಾನಕ್ಕೆ ಸೈಆರ್ಕೈವ್, ಕಾನೂನು ಮತ್ತು ವಾಣಿಜ್ಯಕ್ಕೆ ಎಸ್‌ಎಸ್‌ಆರ್‌ಎನ್. ಒಂದೇ ಪ್ರಬಂಧವನ್ನು ಎರಡು ಸರ್ವರ್‌ಗಳಲ್ಲಿ ಹಾಕಬೇಡಿ. ಉಲ್ಲೇಖಗಳು ಹಂಚಿಹೋಗುತ್ತವೆ, ಯಾವುದು ಅಧಿಕೃತವೆಂಬ ಗೊಂದಲವೂ ಹುಟ್ಟುತ್ತದೆ.

ಕೆಲವು ಮಿತಿಗಳು ಗೊತ್ತಿರಲಿ. ಆರ್ಕೈವ್‌ನಲ್ಲಿ ಮೊದಲ ಬಾರಿ ಸಲ್ಲಿಸುವವರಿಗೆ ಆ ವಿಭಾಗದಲ್ಲಿ ಈಗಾಗಲೇ ಪ್ರಬಂಧ ಹಾಕಿರುವವರೊಬ್ಬರ ಅನುಮೋದನೆ ಬೇಕಾಗಬಹುದು. ವಿಶ್ವವಿದ್ಯಾಲಯದ ಇ-ಮೇಲ್ ಇದ್ದ ಮಾತ್ರಕ್ಕೆ ಸಾಕೆಂದು ಭಾವಿಸದೆ, ಗೈಡ್ ಅಥವಾ ಸಮೀಪದ ಸಂಸ್ಥೆಯ ಪರಿಚಿತ ಸಂಶೋಧಕರನ್ನು ಮುಂಚೆಯೇ ಕೇಳಿಕೊಳ್ಳಿ. ಅನುಮೋದನೆ ಎಂದರೆ ಪ್ರಬಂಧ ಸರಿಯಿದೆ ಎಂಬ ಪ್ರಮಾಣಪತ್ರವಲ್ಲ, ಲೇಖಕರು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಎಂಬ ಮಾತು ಅಷ್ಟೆ. ಆದ್ದರಿಂದ ಕೇಳಲು ಸಂಕೋಚ ಬೇಡ. 2025ರ ಕೊನೆಯಿಂದ ಆರ್ಕೈವ್‌ನ ಕಂಪ್ಯೂಟರ್ ವಿಜ್ಞಾನ ವಿಭಾಗವು ಸಹತಜ್ಞರ ಪರಿಶೀಲನೆ ಆಗಿರದ ಸಮೀಕ್ಷಾ ಲೇಖನಗಳನ್ನು ಸ್ವೀಕರಿಸುತ್ತಿಲ್ಲ. ಮೆಡ್‌ಆರ್ಕೈವ್ ಒಬ್ಬೊಬ್ಬ ರೋಗಿಯ ಪ್ರಕರಣ ವರದಿಗಳನ್ನು ತೆಗೆದುಕೊಳ್ಳುವುದಿಲ್ಲ. ಈಗಾಗಲೇ ಜರ್ನಲ್‌ನಲ್ಲಿ ಪ್ರಕಟವಾದ ಪ್ರಬಂಧವನ್ನು ಬಯೋಆರ್ಕೈವ್ ಪಡೆಯುವುದಿಲ್ಲ.

ಕನ್ನಡದಲ್ಲಿ ಬರೆದ ಪ್ರಬಂಧಗಳಿಗೆ? ಜನಪದ, ಶಾಸನ, ಭಾಷಾವಿಜ್ಞಾನ, ಸ್ಥಳೀಯ ಇತಿಹಾಸದಲ್ಲಿ ಎಷ್ಟೊಂದು ಕ್ಷೇತ್ರಕಾರ್ಯ ಕನ್ನಡದಲ್ಲೇ ನಡೆಯುತ್ತಿದೆ! ಅದಕ್ಕೆ ಝೆನೋಡೋ ಒಳ್ಳೆಯ ಜಾಗ. ಯುರೋಪಿನ ಕಣಭೌತಶಾಸ್ತ್ರ ಸಂಸ್ಥೆಯಾದ ಸರ್ನ್ ನಡೆಸುವ ಈ ಭಂಡಾರದಲ್ಲಿ ಯಾವ ವಿಷಯವೂ ಆಗಬಹುದು, ಯಾವ ಭಾಷೆಯೂ ಆಗಬಹುದು, ಪ್ರಬಂಧದ ಶಾಶ್ವತ ಗುರುತಾದ ಡಿಒಐ ಸಂಖ್ಯೆಯೂ ಸಿಗುತ್ತದೆ. ಒಂದೇ ಒಂದು ಷರತ್ತು ನನ್ನದು: ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪಿಸಿದ ಕಡತವನ್ನು ಹಾಗೆಯೇ ಪಿಡಿಎಫ್ ಮಾಡಿ ಹಾಕಬೇಡಿ. ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಕೆಟ್ಟಿವೆಯೇ ನೋಡಿ, ಆಮೇಲೆ ಹಾಕಿ. ಯುನಿಕೋಡ್ ಅಲ್ಲದ ಪಿಡಿಎಫ್‌ನೊಳಗಿನ ಒಂದು ಪದವೂ ಹುಡುಕಾಟದಲ್ಲಿ ಸಿಗುವುದಿಲ್ಲ, ಹಾಕಿದ ಶ್ರಮವೆಲ್ಲ ವ್ಯರ್ಥ. ಶೀರ್ಷಿಕೆ ಮತ್ತು ಸಾರಾಂಶವನ್ನು ಕನ್ನಡದ ಜೊತೆಗೆ ಇಂಗ್ಲಿಷ್‌ನಲ್ಲೂ ಕೊಟ್ಟರೆ ಹೊರಗಿನವರಿಗೂ ಕಾಣಿಸುತ್ತದೆ.

ಹಂತ 4: ಹಸ್ತಪ್ರತಿಯ ಸಿದ್ಧತೆ

ಒಮ್ಮೆ ಹಾಕಿದ ಪ್ರಿಪ್ರಿಂಟನ್ನು ಅಳಿಸಲಾಗದು. ‘ಹಿಂಪಡೆಯಲಾಗಿದೆ’ ಎಂದು ಗುರುತು ಮಾಡಿಸಬಹುದು, ಹಳೆಯ ಆವೃತ್ತಿ ಮಾತ್ರ ಅಲ್ಲೇ ಇರುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರತಿ ಪುಟವನ್ನೂ ಓದಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ವಿಜ್ಞಾನಿಗಳು 2018ರ ಜುಲೈನಲ್ಲಿ ಆರ್ಕೈವ್‌ನಲ್ಲಿ ಹಾಕಿದ ಪ್ರಬಂಧ ಇಡೀ ಜಗತ್ತಿನ ಗಮನ ಸೆಳೆಯಿತು. ಚಿನ್ನದೊಳಗೆ ಬೆಳ್ಳಿಯ ನ್ಯಾನೋಕಣಗಳಿರುವ ವಸ್ತು 236 ಕೆಲ್ವಿನ್‌ನಷ್ಟು, ಅಂದರೆ ಸೊನ್ನೆಗಿಂತ 37 ಡಿಗ್ರಿ ಸೆಲ್ಸಿಯಸ್ ಕೆಳಗಿನ ತಾಪದಲ್ಲೇ, ಅತಿವಾಹಕತೆ (ಯಾವ ಅಡೆತಡೆಯೂ ಇಲ್ಲದೆ ವಿದ್ಯುತ್ ಹರಿಸುವ ಗುಣ) ತೋರುತ್ತದೆ ಎಂಬುದು ಅವರ ವಾದ. ಕೆಲವು ವಾರಗಳಲ್ಲೇ ಅಮೆರಿಕದ ಎಂಐಟಿಯ ಭೌತವಿಜ್ಞಾನಿಯೊಬ್ಬರು ಒಂದು ನಕ್ಷೆಯಲ್ಲಿ ಬೇರೆ ಬೇರೆ ಮಾಪನಗಳ ‘ಗದ್ದಲ’, ಅಂದರೆ ಯಾದೃಚ್ಛಿಕವಾಗಿ ಇರಬೇಕಾದ ಏರಿಳಿತ, ಒಂದೇ ರೀತಿಯಲ್ಲಿ ಮರುಕಳಿಸಿರುವುದನ್ನು ಎತ್ತಿ ತೋರಿಸಿದರು. 2019ರ ಮೇ ತಿಂಗಳಲ್ಲಿ ಹೆಚ್ಚಿನ ದತ್ತಾಂಶ ಮತ್ತು ಹೆಚ್ಚಿನ ಲೇಖಕರೊಂದಿಗೆ ಪರಿಷ್ಕೃತ ಆವೃತ್ತಿ ಬಂತು. ಈ ಪ್ರಸಂಗದಿಂದ ನಾನು ಗ್ರಹಿಸುವುದು ಇಷ್ಟು: ಪ್ರಿಪ್ರಿಂಟ್ ಓದುಗರು ನಕ್ಷೆಯ ಪ್ರತಿ ಚುಕ್ಕಿಯನ್ನೂ ನೋಡುತ್ತಾರೆ, ಮೂಲ ದತ್ತಾಂಶ ಕೇಳುತ್ತಾರೆ. ಕೇಳುವ ಮೊದಲೇ ದತ್ತಾಂಶವನ್ನು ಪ್ರಬಂಧದ ಜೊತೆ ಇಡುವುದು ಎಲ್ಲರಿಗೂ ಕ್ಷೇಮ.

ಇನ್ನೊಂದು ಪ್ರಸಂಗ 2020ರ ಜನವರಿ 31ರದು. ಹೊಸ ಕೊರೊನಾ ವೈರಸ್ಸಿನ ಪ್ರೋಟೀನಿನಲ್ಲಿ ಎಚ್‌ಐವಿಯನ್ನು ಹೋಲುವ ತುಣುಕುಗಳಿವೆ ಎಂದು ದೆಹಲಿಯ ಸಂಶೋಧಕರು ಬಯೋಆರ್ಕೈವ್‌ನಲ್ಲಿ ಹಾಕಿದರು. ಅಂಥ ಪುಟ್ಟ ತುಣುಕುಗಳು ಎಷ್ಟೋ ಜೀವಿಗಳಲ್ಲಿ ಸಿಗುತ್ತವೆ ಎಂದು ತಜ್ಞರು ತಕ್ಷಣ ತೋರಿಸಿದರು, ಲೇಖಕರೇ ಎರಡು ದಿನದಲ್ಲಿ ಪ್ರಬಂಧ ಹಿಂಪಡೆದರು. ಆದರೆ ಆ ವೇಳೆಗೆ ವದಂತಿ ಹಬ್ಬಿಯಾಗಿತ್ತು. ತಪ್ಪು ಎರಡೇ ದಿನದಲ್ಲಿ ಹೊರಬಿದ್ದದ್ದು ಈ ವ್ಯವಸ್ಥೆಯ ಬಲ. ಶೀರ್ಷಿಕೆಯ ಒಂದು ಅತಿರೇಕದ ಪದ ಮಾಡಬಹುದಾದ ಹಾನಿ ಅದರ ಅಪಾಯ. ಶೀರ್ಷಿಕೆ ಮತ್ತು ಸಾರಾಂಶದಲ್ಲಿ ದತ್ತಾಂಶ ಹೇಳುವುದಕ್ಕಿಂತ ಒಂದು ಮಾತೂ ಹೆಚ್ಚು ಬೇಡ.

ಹಾಗಾಗಿ ಸಲ್ಲಿಸುವ ಮೊದಲು ಇವನ್ನು ನೋಡಿಕೊಳ್ಳಿ:

- ಪ್ರಬಂಧದಲ್ಲಿ ಪಾಲಿಲ್ಲದ ಇಬ್ಬರು ಓದಿದ್ದಾರೆಯೇ? ಒಬ್ಬರು ನಿಮ್ಮ ವಿಷಯದವರು, ಇನ್ನೊಬ್ಬರು ಸಂಖ್ಯಾಶಾಸ್ತ್ರ ಬಲ್ಲವರು ಆಗಿದ್ದರೆ ಉತ್ತಮ.
- ದತ್ತಾಂಶ ಮತ್ತು ಪ್ರೋಗ್ರಾಂ ಎಲ್ಲಿ ಸಿಗುತ್ತದೆ ಎಂಬ ವಾಕ್ಯ, ಧನಸಹಾಯದ ಮೂಲ, ಹಿತಾಸಕ್ತಿ ಸಂಘರ್ಷದ ಹೇಳಿಕೆ ಇವೆಯೇ?
- ಮನುಷ್ಯರ ಮೇಲಿನ ಅಧ್ಯಯನವಾದರೆ ನೈತಿಕ ಸಮಿತಿಯ ಹೆಸರು ಮತ್ತು ಅನುಮತಿ ವಿವರ, ಔಷಧ ಪ್ರಯೋಗವಾದರೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ವ್ಯವಸ್ಥೆ) ನೋಂದಣಿ ಸಂಖ್ಯೆ ಇದೆಯೇ? ಮೆಡ್‌ಆರ್ಕೈವ್ ಇವಿಲ್ಲದೆ ಮುಂದೆ ಹೋಗಗೊಡುವುದಿಲ್ಲ.
- ಬೇರೆ ಪ್ರಕಾಶಕರ ಚಿತ್ರ ಬಳಸಿದ್ದರೆ ಅನುಮತಿ ಇದೆಯೇ?
- ಪ್ರತಿಯೊಂದು ಉಲ್ಲೇಖವನ್ನೂ ತೆರೆದು ನೋಡಿದ್ದೀರಾ? ಕೃತಕ ಬುದ್ಧಿಮತ್ತೆಯ ಸಾಧನ ಬಳಸಿದ್ದರೆ ಇದು ಕಡ್ಡಾಯ, ಇಲ್ಲದ ಪ್ರಬಂಧಗಳನ್ನು ಅವು ಸಲೀಸಾಗಿ ಸೃಷ್ಟಿಸುತ್ತವೆ. ಬಳಕೆಯನ್ನು ಪ್ರಬಂಧದಲ್ಲೇ ತಿಳಿಸಿ.
- ಮೊದಲ ಪುಟದಲ್ಲಿ ‘ಸಹತಜ್ಞರ ಪರಿಶೀಲನೆ ಆಗಿಲ್ಲ’ ಎಂಬ ಸಾಲು ಮತ್ತು ದಿನಾಂಕ ಇದೆಯೇ?

ಆರ್ಕೈವ್‌ಗೆ ಲೇಟೆಕ್ ಎಂಬ ಪುಟವಿನ್ಯಾಸ ತಂತ್ರಾಂಶ ಬಳಸುವವರಿಗೊಂದು ವಿಶೇಷ ಸೂಚನೆ. ಅಲ್ಲಿ ಪಿಡಿಎಫ್ ಜೊತೆಗೆ ಮೂಲ ಕಡತವನ್ನೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಶೇಕಡಾ ಚಿಹ್ನೆ ಹಾಕಿ ಮುಚ್ಚಿಟ್ಟ ಸಾಲುಗಳು, ‘ಸರ್, ಈ ಅಂಕಿ ಸರಿಯಿದೆಯೇ?’ ಎಂಬಂಥ ಆಂತರಿಕ ಟಿಪ್ಪಣಿಗಳು, ಬಿಟ್ಟುಬಿಟ್ಟ ಫಲಿತಾಂಶಗಳು ಎಲ್ಲವೂ ಅದರಲ್ಲಿ ಓದಲು ಸಿಗುತ್ತವೆ. ಸಲ್ಲಿಸುವ ಮುನ್ನ ಅವನ್ನೆಲ್ಲ ತೆಗೆಯಿರಿ.

ಹಂತ 5: ಹೆಸರು ಮತ್ತು ಆರ್ಕಿಡ್ ಸಂಖ್ಯೆ

ನಮ್ಮ ಹೆಸರುಗಳಲ್ಲಿ ಇನಿಷಿಯಲ್‌ಗಳದ್ದೇ ದೊಡ್ಡ ಸಮಸ್ಯೆ. ‘ಕೆ. ಆರ್. ಮಂಜುನಾಥ’, ‘ಮಂಜುನಾಥ ಕೆ. ಆರ್.’, ‘ಮಂಜುನಾಥ ರಾಮಪ್ಪ’ ಮೂವರೂ ಒಬ್ಬರೇ ಎಂಬುದು ಗೂಗಲ್ ಸ್ಕಾಲರ್‌ಗೆ ಗೊತ್ತಾಗುವುದಿಲ್ಲ. ಮೊದಲ ಪ್ರಬಂಧದಲ್ಲೇ ಒಂದು ರೂಪ ನಿಗದಿಮಾಡಿಕೊಂಡು ವೃತ್ತಿಜೀವನದುದ್ದಕ್ಕೂ ಅದನ್ನೇ ಬಳಸಿ. ಸಂಶೋಧಕರನ್ನು ಗುರುತಿಸುವ, ಉಚಿತವಾಗಿ ಸಿಗುವ ಹದಿನಾರು ಅಂಕಿಗಳ ಆರ್ಕಿಡ್ (ORCID) ಸಂಖ್ಯೆ ಪಡೆದು ಸರ್ವರ್‌ನ ಖಾತೆಗೆ ಜೋಡಿಸಿ. ಮದುವೆಯ ನಂತರ ಹೆಸರು ಬದಲಾದ ಸಂಶೋಧಕಿಯರಿಗೂ ಇದರಿಂದ ಹಳೆಯ ಕೆಲಸ ಕೈತಪ್ಪುವುದಿಲ್ಲ.

ಹಂತ 6: ಪರವಾನಗಿ

ಸಲ್ಲಿಸುವಾಗ ಪರವಾನಗಿಯೊಂದನ್ನು ಆರಿಸಲು ಕೇಳುತ್ತದೆ. ಅವಸರದಲ್ಲಿ ಮೊದಲು ಕಂಡದ್ದನ್ನು ಒತ್ತಿಬಿಡುವವರೇ ಹೆಚ್ಚು. ಕೊಟ್ಟ ಪರವಾನಗಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು, ಆದ್ದರಿಂದ ನಿಂತು ಓದಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಸಿಸಿ ಬೈ ಎಂದರೆ ನಿಮ್ಮ ಹೆಸರು ಹೇಳಿ ಯಾರು ಹೇಗೆ ಬೇಕಾದರೂ ಬಳಸಬಹುದು. ಎನ್‌ಸಿ ಸೇರಿದರೆ ವಾಣಿಜ್ಯ ಬಳಕೆ ಇಲ್ಲ. ಎನ್‌ಡಿ ಸೇರಿದರೆ ಬದಲಿಸಿ ಹಂಚುವಂತಿಲ್ಲ. ಆರ್ಕೈವ್‌ನಲ್ಲಿ ಇವಲ್ಲದೆ, ಹಂಚುವ ಹಕ್ಕನ್ನು ಮಾತ್ರ ಆರ್ಕೈವ್‌ಗೆ ಕೊಟ್ಟು ಉಳಿದದ್ದನ್ನು ಲೇಖಕರಲ್ಲೇ ಉಳಿಸುವ ಅದರದೇ ಪರವಾನಗಿ ಇದೆ.

ಗೇಟ್ಸ್ ಫೌಂಡೇಶನ್‌ನಂಥ ಧನಸಹಾಯ ಸಂಸ್ಥೆಗಳು ಸಿಸಿ ಬೈ ಅನ್ನೇ ಕಡ್ಡಾಯಮಾಡುತ್ತವೆ. 2025ರಿಂದ ಆ ಫೌಂಡೇಶನ್ ತನ್ನ ನೆರವಿನ ಪ್ರಬಂಧಗಳಿಗೆ ಪ್ರಿಪ್ರಿಂಟನ್ನೂ ಕಡ್ಡಾಯಗೊಳಿಸಿ, ಜರ್ನಲ್‌ನ ಪ್ರಕಟಣಾ ಶುಲ್ಕ ಕೊಡುವುದನ್ನು ನಿಲ್ಲಿಸಿದೆ. ಗುರಿ ಜರ್ನಲ್ ಇನ್ನೂ ನಿರ್ಧಾರವಾಗಿಲ್ಲ ಎನ್ನುವವರು ಬಿಗಿಯಾದ ಪರವಾನಗಿ ಆರಿಸುವುದು ಸುರಕ್ಷಿತ. ಜರ್ನಲ್‌ನ ಆಕ್ಷೇಪವಿಲ್ಲದಿದ್ದರೆ ನನ್ನ ಮತ ಸಿಸಿ ಬೈ ಕಡೆಗೆ. ಕಾರಣ, ಅನುವಾದವೂ ಬದಲಾವಣೆಯೇ ಆದ್ದರಿಂದ ಎನ್‌ಡಿ ಇರುವ ಪ್ರಬಂಧವನ್ನು ಯಾರೂ ಕೇಳದೆ ಕನ್ನಡಕ್ಕೆ ತಂದು ಹಂಚುವಂತಿಲ್ಲ. ಮಲೆನಾಡಿನ ಅಡಿಕೆ ರೋಗದ ಮೇಲಿನ ಸಂಶೋಧನೆ ಆ ತೋಟದವರ ಭಾಷೆಗೆ ಬರಲು ನಮ್ಮದೇ ಪರವಾನಗಿ ಅಡ್ಡಿಯಾಗಬಾರದು.

ಹಂತ 7: ಸಲ್ಲಿಕೆ

ಇದು ಅರ್ಧ ಗಂಟೆಯ ಕೆಲಸ. ಖಾತೆ ತೆರೆದು, ವಿಭಾಗ ಆರಿಸಿ, ಶೀರ್ಷಿಕೆ, ಸಾರಾಂಶ, ಲೇಖಕರನ್ನು ತುಂಬಿ, ಕಡತ ಏರಿಸಿ, ಸರ್ವರ್ ತಯಾರಿಸುವ ಪಿಡಿಎಫ್ ಅನ್ನು ಕೊನೆಯ ಪುಟದವರೆಗೂ ನೋಡಿ ಒಪ್ಪಿಗೆ ಕೊಡಿ. ಚಿತ್ರಗಳು ಸ್ಥಳಾಂತರವಾಗುವುದು, ಗ್ರೀಕ್ ಅಕ್ಷರಗಳು ಚೌಕವಾಗುವುದು ಇಲ್ಲಿಯೇ.

ಆರ್ಕೈವ್‌ಗೆ ಅಮೆರಿಕದ ಪೂರ್ವ ಕರಾವಳಿಯ ಮಧ್ಯಾಹ್ನ 2 ಗಂಟೆ ದಿನದ ಗಡುವು. ನಮಗೆ ಅದು ಅಲ್ಲಿನ ಬೇಸಿಗೆಯಲ್ಲಿ ರಾತ್ರಿ 11.30, ಚಳಿಗಾಲದಲ್ಲಿ 12.30. ಆ ಗಡುವಿನೊಳಗೆ ಸೇರಿದ ಪ್ರಬಂಧ, ತಡೆ ಇಲ್ಲದಿದ್ದರೆ, ನಮ್ಮ ಬೆಳಗಿನ 5.30ಕ್ಕೆ ಅಥವಾ 6.30ಕ್ಕೆ ಕಾಣಿಸಿಕೊಳ್ಳುತ್ತದೆ. ಶನಿವಾರ, ಭಾನುವಾರದ ಬೆಳಿಗ್ಗೆ ಪ್ರಕಟಣೆ ಇರುವುದಿಲ್ಲ. ಬಯೋಆರ್ಕೈವ್, ಮೆಡ್‌ಆರ್ಕೈವ್‌ಗಳಲ್ಲಿ ಮನುಷ್ಯರೇ ಮೇಲ್ನೋಟದ ಪರಿಶೀಲನೆ ಮಾಡುವುದರಿಂದ ಕೆಲವು ದಿನ ಹಿಡಿಯಬಹುದು. ಆ ತಪಾಸಣೆ ನಕಲು, ಅವೈಜ್ಞಾನಿಕತೆ, ಅಪಾಯಕಾರಿ ಅಂಶಗಳಿಗಾಗಿ. ಫಲಿತಾಂಶ ಸರಿಯೇ ಎಂದು ಅವರು ನೋಡುವುದಿಲ್ಲ.

ಜರ್ನಲ್‌ಗೂ ಅದೇ ದಿನ ಕಳುಹಿಸಿಬಿಡಿ ಎಂಬುದು ನನ್ನ ಸಲಹೆ. ಪ್ರಿಪ್ರಿಂಟ್ ಹಾಕಿದ ಖುಷಿಯಲ್ಲಿ ಜರ್ನಲ್ ಸಲ್ಲಿಕೆ ಮುಂದೂಡಿದರೆ ಅದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಸಂಪಾದಕರಿಗೆ ಬರೆಯುವ ಪತ್ರದಲ್ಲಿ ಪ್ರಿಪ್ರಿಂಟ್‌ನ ಸಂಖ್ಯೆಯನ್ನು ಮುಚ್ಚುಮರೆಯಿಲ್ಲದೆ ತಿಳಿಸಿ. ಬಯೋಆರ್ಕೈವ್‌ನಿಂದ ಹಲವು ಜರ್ನಲ್‌ಗಳಿಗೆ ನೇರವಾಗಿ ಹಸ್ತಪ್ರತಿ ವರ್ಗಾಯಿಸುವ ಸೌಲಭ್ಯವೂ ಇದೆ. ಇನ್ನು ಇ-ಲೈಫ್ ಜರ್ನಲ್ ಪ್ರಿಪ್ರಿಂಟ್ ಆಗಿರುವ ಪ್ರಬಂಧಗಳನ್ನೇ ಪರಿಶೀಲಿಸಿ, ಆ ಪರಿಶೀಲನೆಯನ್ನೂ ಎಲ್ಲರ ಮುಂದಿಡುತ್ತದೆ.

ಹಂತ 8: ಹಾಕಿದ ಮೇಲೆ

ಹಾಕಿ ಸುಮ್ಮನೆ ಕುಳಿತರೆ ಅರ್ಧ ಲಾಭವೂ ಸಿಗುವುದಿಲ್ಲ. ನಿಮ್ಮ ಉಲ್ಲೇಖಪಟ್ಟಿಯಲ್ಲಿರುವ ಲೇಖಕರಲ್ಲಿ ಹತ್ತು ಜನರಿಗೆ ಇ-ಮೇಲ್ ಬರೆಯಿರಿ. ಎಲ್ಲರಿಗೂ ಒಂದೇ ಪತ್ರ ಬೇಡ. ‘ನಿಮ್ಮ ಇಂಥ ಪ್ರಬಂಧದ ಇಂಥ ವಿಧಾನವನ್ನು ನಾವು ಹೀಗೆ ಬಳಸಿದ್ದೇವೆ, ಮೂರನೆಯ ಭಾಗದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು’ ಎಂದು ನಿರ್ದಿಷ್ಟವಾಗಿ ಕೇಳಿದರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಸಣ್ಣ ಊರಿನ ಕಾಲೇಜಿನಲ್ಲಿ ಕುಳಿತು ಆ ಕ್ಷೇತ್ರದ ಮುಂಚೂಣಿಯವರೊಂದಿಗೆ ಮಾತು ಆರಂಭಿಸಲು ಇದಕ್ಕಿಂತ ನೇರವಾದ ದಾರಿ ನನಗೆ ತಿಳಿದಿಲ್ಲ.

ಪತ್ರಿಕೆಯವರು ಕರೆದರೆ ಪರಿಶೀಲನೆ ಆಗಿಲ್ಲವೆಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ. ನೀವಾಗಿಯೇ ಪತ್ರಿಕಾಗೋಷ್ಠಿ ಕರೆಯಬೇಡಿ.

ಟೀಕೆ ಬಂದೇ ಬರುತ್ತದೆ. ಬಂದ ಪ್ರತಿ ಟೀಕೆಯನ್ನೂ ಒಂದು ಕಡತದಲ್ಲಿ ಬರೆದಿಟ್ಟು, ಎರಡು ಮೂರು ವಾರದ ನಂತರ ಎಲ್ಲವನ್ನೂ ಒಟ್ಟಿಗೆ ಪರಿಗಣಿಸಿ ಎರಡನೆಯ ಆವೃತ್ತಿ ಹಾಕಿ. ಕಾಗುಣಿತ ತಿದ್ದಲು ದಿನಕ್ಕೊಂದು ಆವೃತ್ತಿ ಬೇಡ. ಏನು ಬದಲಾಗಿದೆ ಎಂದು ಷರಾ ಅಂಕಣದಲ್ಲಿ ಬರೆಯಿರಿ, ತಪ್ಪು ತೋರಿಸಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಕೃತಜ್ಞತೆಯಲ್ಲಿ ಸೇರಿಸಿ. ಮುಖ್ಯ ಫಲಿತಾಂಶವೇ ತಪ್ಪೆಂದು ಗೊತ್ತಾದರೆ ಕಾರಣ ತಿಳಿಸಿ ಕೂಡಲೇ ಹಿಂಪಡೆಯಿರಿ. ಪ್ರಾಮಾಣಿಕವಾಗಿ ಹಿಂಪಡೆದವರ ಗೌರವ ವಿಜ್ಞಾನ ವಲಯದಲ್ಲಿ ಕುಂದುವುದಿಲ್ಲ.

ಹಂತ 9: ಜರ್ನಲ್‌ನಲ್ಲಿ ಬಂದ ಬಳಿಕ

ಜರ್ನಲ್ ಅಚ್ಚುಕಟ್ಟಾಗಿ ಜೋಡಿಸಿದ ಪಿಡಿಎಫ್ ಪ್ರಕಾಶಕರದು, ಅದನ್ನು ಸರ್ವರ್‌ಗೆ ಏರಿಸಬೇಡಿ. ಅಂಗೀಕೃತವಾದ ನಿಮ್ಮದೇ ಹಸ್ತಪ್ರತಿಯನ್ನು ಹಾಕಬಹುದೇ ಎಂಬುದು ಜರ್ನಲ್ ಮತ್ತು ಸರ್ವರ್ ಎರಡರ ನಿಯಮಕ್ಕೂ ಒಳಪಟ್ಟಿದೆ. ಪ್ರಕಟಿತ ಪ್ರಬಂಧದ ಡಿಒಐ ಅನ್ನು ಪ್ರಿಪ್ರಿಂಟ್ ಪುಟಕ್ಕೆ ಸೇರಿಸಿ. ಬಯೋಆರ್ಕೈವ್ ಇದನ್ನು ಸಾಮಾನ್ಯವಾಗಿ ತಾನೇ ಪತ್ತೆಹಚ್ಚಿ ಜೋಡಿಸುತ್ತದೆ, ಆರ್ಕೈವ್‌ನಲ್ಲಿ ನೀವೇ ತುಂಬಬೇಕು.

ಮಹಾಪ್ರಬಂಧ ಸಲ್ಲಿಸುವ ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಒಂದು ಮಾತು. ಕೃತಿಚೌರ್ಯ ಪರೀಕ್ಷಿಸುವ ತಂತ್ರಾಂಶಕ್ಕೆ ನಿಮ್ಮ ಪ್ರಿಪ್ರಿಂಟ್ ಸಿಕ್ಕಿ ಸಾಮ್ಯತೆಯ ಶೇಕಡಾವಾರು ಏಕಾಏಕಿ ಏರಬಹುದು. ಗಾಬರಿಯಾಗಬೇಡಿ. ಅದು ನಿಮ್ಮದೇ ಕೆಲಸವೆಂದು ಪ್ರಿಪ್ರಿಂಟ್‌ನ ಮೊದಲ ಪುಟ ಸಮೇತ ಗ್ರಂಥಪಾಲಕರಿಗೆ ಮುಂಚಿತವಾಗಿ ತಿಳಿಸಿ, ಆ ಮೂಲವನ್ನು ಬಿಟ್ಟು ವರದಿ ತೆಗೆಯುವಂತೆ ಕೋರಿ. ಮಹಾಪ್ರಬಂಧದಲ್ಲೂ ಯಾವ ಅಧ್ಯಾಯ ಯಾವ ಪ್ರಿಪ್ರಿಂಟ್ ಆಗಿ ಬಂದಿದೆ ಎಂದು ಸ್ಪಷ್ಟವಾಗಿ ಬರೆಯಿರಿ.

ಬಯೋಡೇಟಾದಲ್ಲಿ ಪ್ರಿಪ್ರಿಂಟ್‌ಗಳನ್ನು ‘ಪ್ರಕಟಿತ ಪ್ರಬಂಧಗಳು’ ಪಟ್ಟಿಯಲ್ಲಿ ಸೇರಿಸದೆ ‘ಪ್ರಿಪ್ರಿಂಟ್‌ಗಳು’ ಎಂಬ ಪ್ರತ್ಯೇಕ ಶೀರ್ಷಿಕೆಯಡಿ ಕೊಡಿ. ಅಧ್ಯಾಪಕರ ನೇಮಕಾತಿ, ಬಡ್ತಿಯ ಅಂಕಗಳಿಗೆ ನಮ್ಮಲ್ಲಿ ಅವನ್ನು ಎಣಿಸುವ ಪದ್ಧತಿ ಇಲ್ಲ, ಹಾಗೆ ನಂಬಿ ಕೂರಬೇಡಿ. ವಿದೇಶದ ಪೋಸ್ಟ್‌ಡಾಕ್ಟರಲ್ ಹುದ್ದೆ, ಫೆಲೋಶಿಪ್ ಅರ್ಜಿಗಳಲ್ಲಿ ಮಾತ್ರ ಅವಕ್ಕೆ ನಿಜವಾದ ತೂಕವಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2017ರಿಂದಲೇ ಅನುದಾನದ ಅರ್ಜಿಗಳಲ್ಲಿ ಪ್ರಿಪ್ರಿಂಟ್ ಉಲ್ಲೇಖಿಸಲು ಅವಕಾಶ ಕೊಟ್ಟಿದೆ. ಅರ್ಜಿಯಲ್ಲಿ ‘ಪರಿಶೀಲನೆಯಲ್ಲಿದೆ’ ಎಂದಷ್ಟೇ ಬರೆದ ಪ್ರಬಂಧವನ್ನು ಆಯ್ಕೆ ಸಮಿತಿ ಓದಲಾಗದು. ಪ್ರಿಪ್ರಿಂಟ್‌ನ ಕೊಂಡಿ ಕೊಟ್ಟರೆ ಅಲ್ಲೇ ತೆರೆದು ಓದಬಹುದು. ಸಂದರ್ಶನಕ್ಕೆ ಹೋಗುವ ಮುನ್ನ ಆ ಕೊಂಡಿ ಇತ್ತೀಚಿನ ಆವೃತ್ತಿಯನ್ನೇ ತೆರೆಯುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿಕೊಳ್ಳಿ.